ಕಾಸಿನ ಸರ, ಕಾವಲಿನ ದಾರ

ನವೆಂಬರ್ 2, ಭಾನುವಾರ

ಭದ್ರಾವತಿಗೆ ಹೋಗಿ ಬಂದೆ. ಕಾಗದನಗರದ ಅಕ್ಕನ ಮನೆಯಲ್ಲಿ ಇವತ್ತು ದೊಡ್ಡ ಸಭೆ. ವಿಷಯ, ಅಕ್ಕನ ಮಗಳು ಲಿಖಿತಾಳ ಮದುವೆಗೆ ಅವಳ ಕಾಸಿನ ಸರವನ್ನು ಹೈದರಾಬಾದಿಗೆ ಸಾಗಿಸುವುದು ಹೇಗೆ ಎಂಬುದು. ಸೈನ್ಯ ಸಾಗಿಸುವವರೂ ಇಷ್ಟು ತಲೆ ಕೆಡಿಸಿಕೊಳ್ಳಲಾರರು.

ನಮ್ಮಲ್ಲಿ ಧಾರೆ ಗಂಡಿನ ಊರಿನಲ್ಲಿ. ಹುಡುಗ ನಿಶಾಂತನ ಮನೆಯವರು ಮೂಲತಃ ಸಾಗರದ ಕಡೆಯವರಾದರೂ ಹೈದರಾಬಾದಿನಲ್ಲಿ ನೆಲೆಯಾದವರು. ಹೆಣ್ಣಿನ ಕಡೆಯವರೆಲ್ಲ ಬಸ್ಸು ಮಾಡಿಕೊಂಡು ಹೋಗುವುದೆಂದಾಗಿದೆ. ಅಕ್ಕ ಚೌಡಮ್ಮನಿಗೆ ಬಸ್ಸಿನ ಮೇಲೆ ನಂಬಿಕೆಯಿಲ್ಲ. "ದಾರೀಲಿ ಊಟಕ್ಕೆ ನಿಲ್ಲಿಸ್ತಾರೆ, ಎಲ್ಲರೂ ಇಳೀತಾರೆ, ಬಸ್ಸಲ್ಲಿ ಯಾರಿರ್ತಾರೆ?" ಎಂಬುದು ಅವಳ ಪ್ರಶ್ನೆ.

ಆ ಸರ ಅಂಗಡಿಯಿಂದ ಒಂದೇ ದಿನ ಬಂದದ್ದಲ್ಲ. ಭಾವ ರಂಗಪ್ಪನವರು ಕಾಗದ ಕಾರ್ಖಾನೆಯಲ್ಲಿದ್ದಷ್ಟು ಕಾಲ ಬೋನಸ್ಸು ಬಂದಾಗಲೆಲ್ಲ ಒಂದೊಂದು ಕಾಸು ಕೊಂಡು ಮಗಳಿಗೆಂದು ಪೋಣಿಸಿದ್ದು. ಕಾರ್ಖಾನೆ ನಿಂತಿತು, ಭಾವನೂ ಹೋದರು. ಅಕ್ಕ ಮನೆ ಮನೆಗೆ ಹಪ್ಪಳ ಮಾರಿದಳೇ ಹೊರತು ಆ ಸರವನ್ನು ಒಂದು ದಿನವೂ ಅಡವಿಡಲಿಲ್ಲ.

"ಲಿಖಿತಾನೇ ಹಾಕ್ಕೊಂಡು ಬಂದ್ರಾಯ್ತಲ್ಲ ಅತ್ತಿಗೆ" ಎಂದು ನನ್ನ ಹೆಂಡತಿ ವೀಣಾ ಹೇಳಿ ನೋಡಿದಳು.

"ಹಸೆಮಣೆ ಏರೋಕ್ ಮುಂಚೆ ಅದು ಅವಳ ಮೈಗೂ ತಾಕಬಾರದು, ಬೇರೆಯೋರ ಮೈಗೂ ತಾಕಬಾರದು" ಎಂದಳು ಅಕ್ಕ. ಅಲ್ಲಿಗೆ ಆ ದಾರಿ ಮುಚ್ಚಿತು.

ಕೊನೆಗೆ ಭಾವನ ಅಣ್ಣ ಕೆಂಚಪ್ಪನವರು ತೊಡೆ ತಟ್ಟಿ ತೀರ್ಪು ಕೊಟ್ಟರು. "ವಿಮಾನ ಯಾಕಿದೆ? ಸೋಗಾನೇಲಿ ಹತ್ತು, ಅಲ್ಲಿ ಇಳಿ. ಅಷ್ಟ್ ದುಡ್ಡು ಕೊಟ್ಟು ಟಿಕೇಟ್ ತಗೊಂಡು ಬಂದು ಯಾವನಾದ್ರೂ ಕದೀತಾನೇನೋ ಮಾರಾಯ? ಒಡವೆ ಹೊರೋದು ಸೋದರಮಾವನ ಹಕ್ಕು. ಜ್ಞಾನೇಶ ಹೋಗ್ಲಿ."

ಎಲ್ಲರೂ ನನ್ನನ್ನು ನೋಡಿದರು. ವಿಮಾನವನ್ನು ನಾನು ಇದುವರೆಗೆ ಕೆಳಗಿನಿಂದ ಮಾತ್ರ ನೋಡಿದ್ದೇನೆ.

ಬಸ್ಸಿನಲ್ಲಿ ಹೋದರೆ ಬೆನ್ನಿಗೆ ನೋವು,
ವಿಮಾನದಲ್ಲಿ ಹೋದರೆ ಜೇಬಿಗೆ ನೋವು,
ಒಲ್ಲೆನೆಂದರೆ ಅಕ್ಕನಿಗೆ ನೋವು.

ಹೂಂ ಎಂದೆ.

ನವೆಂಬರ್ 8, ಶನಿವಾರ

ಪ್ರೆಸ್ಸಿನಲ್ಲಿ ಕೈ ತುಂಬ ಕೆಲಸ. ಲಗ್ನಪತ್ರಿಕೆಗೆ ಪದ್ಯ ಬರೆಯುವವನು ಶಿವಮೊಗ್ಗದಲ್ಲಿ ಇನ್ನೂ ಒಬ್ಬ ಉಳಿದಿದ್ದಾನೆ ಎಂಬುದು ಜನಕ್ಕೆ ಹೇಗೋ ತಿಳಿದಿದೆ. ಮಾಲೀಕ ಶಿವಕುಮಾರ್ ನನ್ನನ್ನು 'ಕವಿಗಳೇ' ಎಂದು ಕರೆಯುವುದು ಗೌರವದಿಂದಲ್ಲ, ಸಂಬಳ ಹೆಚ್ಚಿಸದೆ ಕೆಲಸ ಮಾಡಿಸಿಕೊಳ್ಳಲು.

ಟಿಕೇಟನ್ನು ಪ್ರೆಸ್ಸಿನ ಕಂಪ್ಯೂಟರಿನಲ್ಲೇ ಮಾಡಿಸಿದೆ. ಅಕ್ಷರ ಜೋಡಿಸುವ ಹುಡುಗಿ ಸಿರಿ, ಸೀಟು ಯಾವುದು ಬೇಕು ಎಂದು ಕೇಳಿದಳು. ಕೆಂಚಪ್ಪನವರಿಗೆ ಫೋನು ಮಾಡಿದೆ. "ಸೋದರಮಾವ ಹಿಂದೆ ಕೂತ್ಕೊಂಡು ಹೋಗ್ತಾನೇನೋ? ಎಲ್ಲರಿಗಿಂತ ಮುಂದಿಂದು ತಗೋ" ಎಂದರು. ಮೊದಲನೇ ಸಾಲು ತೆಗೆದುಕೊಂಡೆ. ಅದಕ್ಕೆ ಬೇರೆ ಹಣ ಕಿತ್ತುಕೊಂಡರು. ಮರ್ಯಾದೆ ಎಂದಾದರೂ ಪುಕ್ಕಟೆ ಸಿಕ್ಕಿದೆಯೇ.

ನವೆಂಬರ್ 12, ಬುಧವಾರ

ಬಸ್ಸು ಸಂಜೆ ಹೊರಟಿತು. ಹೊರಡುವ ಮುಂಚೆ ಅಕ್ಕ ನನ್ನ ಚೀಲಕ್ಕೆ ಕಾವಲು ಕಟ್ಟಿದಳು.

ಸಿಗಂದೂರು ದೇವಸ್ಥಾನದಿಂದ ತಂದ ತಗಡು. ನಮ್ಮ ಕಡೆ ತೋಟದ ಗೇಟಿಗೆ, ಹೊಸ ಮನೆಯ ಗೋಡೆಗೆ, ಪಂಪ್‌ಸೆಟ್ಟಿಗೆ ಹಾಕುತ್ತಾರಲ್ಲ, 'ಶ್ರೀ ದೇವಿಯ ಕಾವಲಿದೆ' ಎಂದು, ಅದೇ ಬರಹ, ಬೀಗದ ಕೈಗೆ ಸಿಕ್ಕಿಸುವಷ್ಟು ಪುಟ್ಟದು. ಆ ಬರಹ ನೋಡಿ ಕದ್ದ ಅಡಿಕೆಯ ಮೂಟೆಯನ್ನು ವಾಪಸ್ಸು ತಂದಿಟ್ಟು ಹೋದವರನ್ನು ನಾನೇ ಬಲ್ಲೆ. ಸರವನ್ನು ಗುಲಾಬಿ ಕಾಗದದಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟು, ಧಾರೆ ಸೀರೆಯ ಮಡಿಕೆಯೊಳಗೆ ಸೇರಿಸಿ ಚೀಲದ ಜಿಪ್ಪು ಎಳೆದಳು. ಜಿಪ್ಪಿಗೆ ಎರಡು ಕಡೆಯಿಂದ ಎರಡು ಹಿಡಿ. ಅವೆರಡನ್ನೂ ಜೋಡಿಸಿ, ಅರಿಶಿನದ ದಾರದಲ್ಲಿ ತಗಡು ಪೋಣಿಸಿ, ಗಂಟಿನ ಮೇಲೆ ಗಂಟು ಹಾಕಿದಳು.

"ಅಲ್ಲಿ ದೀಪದ ಮುಂದೆ ನಾನೇ ಬಿಚ್ಚೋದು. ಅಲ್ಲಿವರೆಗೂ ಯಾರೂ ಬಿಚ್ಚಕೂಡದು. ನೀನೂ."

"ವಿಮಾನದಲ್ಲಿ ಕನ್ನಡ ಓದಕ್ಕೆ ಬರೋ ಕಳ್ಳನೇ ಸಿಗಬೇಕಲ್ಲ ಅಕ್ಕ."

"ತಮಾಷೆ ಮಾಡ್ಬೇಡ ಕಣೋ. ಅವನಿಗೆ ಓದಕ್ಕೆ ಬರದಿದ್ರೂ ಅವಳಿಗೆ ಕಣ್ಣು ಕಾಣುತ್ತೆ."

ನವೆಂಬರ್ 13, ಗುರುವಾರ, ಸೋಗಾನೆ

ವಿಮಾನಕ್ಕೆ ಇನ್ನೂ ಹೊತ್ತಿದೆ, ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ. ಚೀಲ ತೊಡೆಯ ಮೇಲಿದೆ.

ತಪಾಸಣೆಯ ಯಂತ್ರದೊಳಗೆ ಚೀಲ ಹೋದಾಗ ಅಲ್ಲಿದ್ದ ಹೆಂಗಸು ಪರದೆ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಒಳಗೆ ಚಿನ್ನ ಇದೆಯಲ್ಲ ಸರ್. ತೆಗೆದು ಕೊರಳಿಗೆ ಹಾಕ್ಕೊಂಡ್ಬಿಡಿ, ಶರ್ಟ್ ಒಳಗೆ. ಇಲ್ಲಾಂದ್ರೆ ಇಳಿಯೋವರೆಗೂ ಕೈಯಲ್ಲೇ ಇರ್ಲಿ. ಮೇಲೆ ಮಾತ್ರ ಇಡ್ಬೇಡಿ."

ಗಂಟು ತೋರಿಸಿದೆ. ಅವರು ತಗಡು ಓದಿ, ಕೈ ಮುಗಿದು, ಮುಂದೆ ಬಿಟ್ಟರು. ಅವರೂ ನಮ್ಮ ಕಡೆಯವರೇ. ನನ್ನ ಕೊರಳಲ್ಲಿ ಕಾಸಿನ ಸರ ಹೇಗೆ ಕಂಡೀತು ಎಂದು ಯೋಚಿಸಿ ಒಬ್ಬನೇ ನಕ್ಕೆ.

ದೇವಿ ಕಾಯುವಳು ಹೊರಗೆ,
ಡಬ್ಬಿ ಕಾಯುವುದು ಒಳಗೆ,
ನಾನು ಕಾಯುವುದು ಕಾಫಿ ಬರುವವರೆಗೆ.

ಅದೇ ದಿನ, ಹೈದರಾಬಾದು

ತಲುಪಿದೆ. ಸ್ವಲ್ಪ ಕಿರಿಕಿರಿಯಾಯಿತು, ಆದರೆ ತಲುಪಿದೆ.

ಮೊದಲ ಸಾಲಿನಲ್ಲಿ ಎದುರಿಗೆ ಬರೀ ಗೋಡೆ. ಕಾಲ ಬಳಿ ಚೀಲ ಇಡುವಂತಿಲ್ಲವಂತೆ, ತೊಡೆಯ ಮೇಲೂ ಕೂಡದಂತೆ. ಗಗನಸಖಿ ಇಂಗ್ಲಿಷಿನಲ್ಲಿ ಹೇಳಿದ್ದರಲ್ಲಿ ನನಗೆ ತಿಳಿದದ್ದು 'ನೋ' ಮತ್ತು 'ಸೇಫ್ಟಿ'. ಒಳಗೆ ಏನಿದೆಯೆಂದು ಅಷ್ಟು ಜನರ ನಡುವೆ ಬಾಯಿ ಬಿಡಲೇ? ಬಿಡಲಿಲ್ಲ. ನನ್ನ ತಲೆಯ ಮೇಲಿನ ಗೂಡು ತುಂಬಿತ್ತು. ಆಕೆ ಚೀಲ ಹಿಡಿದು ಹಿಂದೆ ಹಿಂದೆ ಹೋಗಿ ಎಲ್ಲೋ ಇಟ್ಟು ಬಂದರು. ಎಲ್ಲರಿಗಿಂತ ಮುಂದೆ ಕೂತವನಿಗೆ ಎಲ್ಲವೂ ಬೆನ್ನ ಹಿಂದೆ. ಗೂಡಿನ ಬಾಗಿಲು ಒಂದೆರಡು ಸಲ ಕಿರ್ ಎಂದಿತು. ತಿರುಗಿ ನೋಡಿದೆ, ಯಾರೋ ನೀಲಿ ಅಂಗಿಯವನು ನಿಂತು ಏನೋ ತೆಗೆಯುತ್ತಿದ್ದ. ನನ್ನದೋ ಅವನದೋ ಎಂದು ನೋಡಲು ಎದ್ದೆ. ಬೆಲ್ಟಿನ ದೀಪ ಉರಿಯುತ್ತಿದೆಯೆಂದು ಆಕೆ ಮತ್ತೆ ಕೂರಿಸಿದರು. ಮೋಡದಲ್ಲಿ ವಿಮಾನ ಕುಲುಕಾಡುತ್ತಿತ್ತು. ಇಳಿಯುವಾಗ ಎಲ್ಲರೂ ಮುಂದಕ್ಕೆ ನುಗ್ಗಿದರು, ನಾನೊಬ್ಬನೇ ಹಿಂದಕ್ಕೆ ಹೋಗಬೇಕಾದವನು. ಜನ ಖಾಲಿಯಾಗುವವರೆಗೆ ಗೋಡೆಗಂಟಿ ನಿಂತಿದ್ದೆ.

ಚೀಲ ಇತ್ತು. ಗಂಟು ಹಾಗೇ ಇತ್ತು. ಅದರ ಫೋಟೋ ತೆಗೆದು ಮನೆಯವರ ಗುಂಪಿಗೆ ಕಳಿಸಿದೆ: 'ಅಕ್ಕ ಹಾಕಿದ ಗಂಟು, ಮುಟ್ಟಿಲ್ಲ ಒಂದಿಂಚೂ'. ಕೆಂಚಪ್ಪನವರಿಂದ ಮೂರು ಹೆಬ್ಬೆರಳು ಬಂದವು.

ಛತ್ರದಲ್ಲಿ ಈಗ, ದಾರಿಯಲ್ಲಿ ತಡವಾದ ನಮ್ಮವರ ಬಸ್ಸಿಗಾಗಿ ಕಾಯುತ್ತಿದ್ದೇನೆ.

ನವೆಂಬರ್ 14, ಶುಕ್ರವಾರ

ಸರ ಇಲ್ಲ. ಡಬ್ಬಿ ಇದೆ, ಗುಲಾಬಿ ಕಾಗದ ಇದೆ. ಸರ ಇಲ್ಲ.

ಧಾರೆ ಆಯಿತು.

ನವೆಂಬರ್ 17, ಸೋಮವಾರ, ಶಿವಮೊಗ್ಗ

ರವೀಂದ್ರನಗರದ ಮನೆಗೆ ವಾಪಸ್ಸಾಗಿದ್ದೇನೆ. ಬರೆದರೆ ತಲೆ ಹಗುರಾದೀತೆಂದು ಕೂತಿದ್ದೇನೆ.

ಗುರುವಾರ ಸಂಜೆ ಬಸ್ಸು ಬಂದ ಮೇಲೆ ದೀಪದ ಮುಂದೆ ಅಕ್ಕ ಗಂಟು ಬಿಚ್ಚಿದಳು. ಉಗುರಿನಿಂದ, ನಿಧಾನವಾಗಿ. ಗಂಟು ಅಷ್ಟು ಗಟ್ಟಿಯಾಗಿತ್ತು. ಸೀರೆ ತೆಗೆದಳು, ಡಬ್ಬಿ ತೆಗೆದಳು. ಮುಚ್ಚಳ ತೆರೆಯುವ ಮೊದಲೇ ತೂಕದಿಂದ ಅವಳಿಗೆ ಗೊತ್ತಾಯಿತೆಂದು ಕಾಣುತ್ತದೆ. ಅವಳು ಮೊದಲು ಡಬ್ಬಿ ನೋಡಲಿಲ್ಲ, ನನ್ನನ್ನು ನೋಡಿದಳು.

ಪೊಲೀಸರ ಹತ್ತಿರ ಹೋಗೋಣವೆಂದೆ. "ಚಪ್ಪರದ ಮನೆಗೆ ಪೊಲೀಸರನ್ನ ಕರೀತಾರೇನೋ? ಧಾರೆ ಮುಗೀಲಿ" ಎಂದರು ಕೆಂಚಪ್ಪನವರು. ಮುಗಿಯುವ ಹೊತ್ತಿಗೆ ಆ ವಿಮಾನದ ಜನ ಯಾವ ಯಾವ ಊರು ಸೇರಿದ್ದರೋ. ಠಾಣೆಯಲ್ಲಿ ದೂರು ಬರೆದುಕೊಂಡರು. "ಎಲ್ಲಿ ಕಳವಾಯ್ತು?" ಎಂದು ಕೇಳಿದರು. ಆಕಾಶದಲ್ಲಿ ಎಂದೆ. ಆಕಾಶದಲ್ಲಿ ಎಲ್ಲಿ ಎಂದರು.

ಲಿಖಿತಾ ತನ್ನ ಅತ್ತೆಯ ಸರ ಹಾಕಿಕೊಂಡು ಹಸೆಮಣೆ ಏರಿದಳು. "ಕಾಸಿನ ಸರ ಬರುತ್ತೆ ಅಂದಿದ್ರು" ಎಂದು ಆ ಕಡೆಯ ಹೆಂಗಸೊಬ್ಬರು ಇನ್ನೊಬ್ಬರಿಗೆ ಹೇಳಿದ್ದು ನನಗೂ ಕೇಳಿತು, ಅವಳಿಗೂ ಕೇಳಿತು. ಹುಡುಗಿ ತಲೆ ಎತ್ತಲಿಲ್ಲ. ಅದನ್ನೇ ಎಲ್ಲರೂ ನಾಚಿಕೆ ಎಂದುಕೊಂಡರು.

ನವೆಂಬರ್ 20, ಗುರುವಾರ

ವಿಮಾನ ಕಂಪನಿಯಿಂದ ಉತ್ತರ ಬಂತು. ಸಿರಿ ಓದಿ ಹೇಳಿದಳು. ಪ್ರಯಾಣಿಕರು ಜೊತೆಗೆ ಒಯ್ಯುವ ಸಾಮಾನಿಗೆ ಅವರೇ ಹೊಣೆ, ತೊಂದರೆಗೆ ವಿಷಾದ. ವಿಷಾದಕ್ಕೆ ಪ್ರಾಸ ಪ್ರಸಾದ. ಅದನ್ನೂ ಕೊಡಲಿಲ್ಲ.

ಅಕ್ಕನಿಗೆ ಫೋನು ಮಾಡಿದೆ. "ಊಟ ಆಯ್ತಾ?" ಎಂದಳು. ಬೇರೇನೂ ಕೇಳಲಿಲ್ಲ.

ಕೆಂಚಪ್ಪನವರು ಮಾತ್ರ ಊರಿಡೀ ಕೇಳುತ್ತಿದ್ದಾರಂತೆ. ದೇವಿಯ ದಾರ ಕಟ್ಟಿದ ಸ್ವತ್ತನ್ನು ಹೊರಗಿನವರು ಮುಟ್ಟಲಾರರು. ಗಂಟು ಬಿಚ್ಚಿರಲಿಲ್ಲ, ಅದಕ್ಕೆ ಜ್ಞಾನೇಶನೇ ಕಳಿಸಿದ ಫೋಟೋ ಇದೆ. ಹಾಗಾದರೆ ತೆಗೆದವರು ಯಾರು?

ವೀಣಾಗೆ ಹೇಳಿದೆ. "ಆಡೋರ್ ಬಾಯಿಗೆ ಬೀಗ ಹಾಕಕ್ಕಾಗುತ್ತಾ? ನೀವು ಸುಮ್ನಿರಿ" ಎಂದಳು. ಅವಳು ನನ್ನ ಕಡೆ ಇದ್ದಾಳೆ, ಅಷ್ಟು ಸಾಕು.

ನವೆಂಬರ್ 22, ಶನಿವಾರ

ಸಿಕ್ಕಿತು! ಕಳ್ಳನಲ್ಲ, ಅವನ ಉಪಾಯ.

ಸಿರಿ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಜಿಪ್ಪಿನ ಹಲ್ಲುಗಳ ನಡುವೆ ಬಾಲ್‌ಪೆನ್ನಿನ ಮೂತಿ ಒತ್ತಿದರೆ ಸಾಕು, ಬಾಯಿ ಬಿಡುತ್ತದೆ. ಕೈ ಹಾಕಿ ಬೇಕಾದ್ದು ತೆಗೆದುಕೊಂಡು, ಕಟ್ಟಿದ ಎರಡೂ ಹಿಡಿಗಳನ್ನು ಒಟ್ಟಿಗೆ ಹಿಡಿದು ಒಮ್ಮೆ ಅತ್ತ, ಒಮ್ಮೆ ಇತ್ತ ಎಳೆದರೆ ಜಿಪ್ಪು ಮೊದಲಿನಂತೆ ಮುಚ್ಚಿಕೊಳ್ಳುತ್ತದೆ. ಬೀಗವಿದ್ದರೆ ಬೀಗ, ಗಂಟಿದ್ದರೆ ಗಂಟು, ಎಲ್ಲ ಹಾಗೇ ಇರುತ್ತದೆ. ಇದಕ್ಕೇ ಜನ ಒಡವೆ ಮೈಮೇಲೆ ಇಟ್ಟುಕೊಳ್ಳುವುದಂತೆ.

ಮನೆಗೆ ಬಂದು ಅದೇ ಚೀಲದ ಮೇಲೆ ಮಾಡಿ ನೋಡಿದೆ. ಮೊದಲು ಆಗಲಿಲ್ಲ. ಮತ್ತೆ ಮತ್ತೆ ಮಾಡಿದೆ. ಕೈ ಕೂತಿತು. ನಾಳೆ ಭದ್ರಾವತಿಗೆ ಹೋಗುತ್ತೇನೆ, ಕೆಂಚಪ್ಪನವರನ್ನೂ ಬರಹೇಳಿದ್ದೇನೆ. ಎಲ್ಲರ ಕಣ್ಣೆದುರಿಗೇ ತೋರಿಸಿಬಿಟ್ಟರೆ ಮುಗಿಯಿತು.

ನವೆಂಬರ್ 23, ಭಾನುವಾರ

ತೋರಿಸಿದೆ.

ಅಕ್ಕನ ನಡುಮನೆಯಲ್ಲಿ ಚಾಪೆಯ ಮೇಲೆ ಚೀಲ ಇಟ್ಟೆ. ಒಳಗೆ ಡಬ್ಬಿ, ಡಬ್ಬಿಯಲ್ಲಿ ಅಕ್ಕನ ಹಳೆಯ ಮಣಿ ಸರ. "ನೀನೇ ಕಟ್ಟು ಅಕ್ಕ" ಎಂದೆ. ಅಂದಿನಂತೆಯೇ ಗಂಟಿನ ಮೇಲೆ ಗಂಟು ಹಾಕಿದಳು. ಪೆನ್ನು ಒತ್ತಿದೆ, ಜಿಪ್ಪು ಬಾಯಿ ಬಿಟ್ಟಿತು. ಸೀರೆಯ ಮಡಿಕೆಯಲ್ಲಿ ಕೈ ಹಾಕಿ, ಡಬ್ಬಿ ಹೊರಗೆ ತೆಗೆಯದೆಯೇ ಒಳಗೊಳಗೇ ಮುಚ್ಚಳ ತೆರೆದು, ಸರ ಅಂಗೈಗೆ ತೆಗೆದುಕೊಂಡು ಹಿಡಿಗಳನ್ನು ಎಳೆದೆ. ಗಂಟು ಗಂಟಾಗಿಯೇ ಇತ್ತು. ಮಣಿ ಸರ ನನ್ನ ಜೇಬಿನಲ್ಲಿತ್ತು.

"ನೋಡಿದ್ರಾ?" ಎಂದೆ. ಚಪ್ಪಾಳೆ ಬರಲಿ ಎಂದಲ್ಲ, ಆದರೂ ಏನಾದರೂ ಬಂದೀತು ಎಂದುಕೊಂಡಿದ್ದೆ.

ಕೆಂಚಪ್ಪನವರು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು.

"ಎಷ್ಟು ಸಲೀಸಾಗಿ ಮಾಡ್ದೆ ಮಾರಾಯ" ಎಂದರು.

"ಕಲ್ತಿದ್ದು ನಿನ್ನೆ, ಮಾವ. ವಿಡಿಯೋ ನೋಡಿ."

"ನಾನೇನೂ ಅನ್ಲಿಲ್ವಲ್ಲಪ್ಪ. ನಿನ್ನೆ ಅಂದ್ರೆ ನಿನ್ನೆ."

"ನೀಲಿ ಅಂಗಿಯವನೊಬ್ಬ ಎದ್ದು ನಿಂತಿದ್ದ ಅಂತ ಹೇಳಿದೀನಲ್ಲ."

"ಹೇಳಿದೀಯ. ನೋಡ್ದೋನು ನೀನೊಬ್ನೇ."

ಅಕ್ಕ ನನ್ನ ಮುಂದೆ ಕೈ ಚಾಚಿದಳು. ಏಕೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಜೇಬಿನಿಂದ ಮಣಿ ಸರ ತೆಗೆದುಕೊಟ್ಟೆ. ಅದನ್ನು ಬೀರುವಿನಲ್ಲಿಟ್ಟು ಬೀಗ ತಿರುಗಿಸಿದಳು. ಬೀಗದ ಕೈ ಯಾವಾಗಲೂ ಇರುವ ಕ್ಯಾಲೆಂಡರಿನ ಮೊಳೆಗೆ ಹೋಗಲಿಲ್ಲ. ಸೊಂಟಕ್ಕೆ ಹೋಯಿತು.

ನವೆಂಬರ್ 26, ಬುಧವಾರ

ಲಿಖಿತಾಳಿಗೆ ಫೋನು ಮಾಡಿದೆ. ನಿಶಾಂತ ಎತ್ತಿದ. ಸ್ನಾನಕ್ಕೆ ಹೋಗಿದ್ದಾಳೆ ಎಂದ. ಹಿಂದೆ ಅವಳ ದನಿ ಕೇಳುತ್ತಿತ್ತು.

ನವೆಂಬರ್ 30, ಭಾನುವಾರ

ಒಂದು ನಾಮಕರಣದ ಪತ್ರಿಕೆಗೆ ಶಿವಕುಮಾರ್ ಪದ್ಯ ಕೇಳಿದ್ದರು. ಗದ್ಯದಲ್ಲೇ ಬರೆದುಕೊಟ್ಟೆ. "ಏನ್ ಕವಿಗಳೇ, ಪ್ರಾಸ ಎಲ್ಲಿ?" ಎಂದರು. ಈಗ ಯಾರಿಗೂ ಅದೆಲ್ಲ ಬೇಡ, ಜಾಗವೂ ಉಳಿಯುತ್ತದೆ ಎಂದೆ. ನಿಜ ತಾನೆ.

ಮಧ್ಯಾಹ್ನ ಭದ್ರಾವತಿಗೆ ಹೋಗಿದ್ದೆ. ಅಕ್ಕ ಹಪ್ಪಳದ ಹಿಟ್ಟು ಕಲಸುತ್ತಿದ್ದಳು. ಭಾರ ಎತ್ತಿಕೊಟ್ಟೆ, ಮಾಡಿನ ಮೇಲೆ ಹಪ್ಪಳ ಹರವಿಕೊಟ್ಟೆ. ಪಕ್ಕದ ಮನೆಯ ಸುವರ್ಣಮ್ಮ ಬಂದು ಬಾಗಿಲಲ್ಲೇ ನಿಂತು ಮಾತಾಡಿ ಹೋದರು. ಅಷ್ಟು ಹೊತ್ತೂ ಅವರ ಕೈ ಅವರ ಸರದ ಮೇಲೇ ಇತ್ತು. ಅಭ್ಯಾಸವಿರಬಹುದು.

ಹೊರಡುವಾಗ ಅಕ್ಕ ಒಂದಿಷ್ಟು ಹಪ್ಪಳ ಕಟ್ಟಿಕೊಟ್ಟಳು. ನನ್ನ ಕೈಚೀಲದ ಬಾಯಿ ಅಗಲಿಸಿ, ತಳ ಕಾಣುವಂತೆ ಅವಳ ಮುಂದೆ ಹಿಡಿದೆ. ಹಪ್ಪಳ ಮುರಿಯಬಾರದಲ್ಲ ಎಂದು.

ಡಿಸೆಂಬರ್ 4, ಗುರುವಾರ

ಕೆಂಚಪ್ಪನವರು ಪ್ರೆಸ್ಸಿಗೇ ಬಂದಿದ್ದರು. ಕೂರಲಿಲ್ಲ.

"ನೋಡು ಜ್ಞಾನೇಶ, ನಾನು ನಿನ್ನ ಕಳ್ಳ ಅಂದಿಲ್ಲ. ಆದ್ರೆ ಹೆಣ್ಣು ಕೊಟ್ಟ ಮನೇಲಿ ತಲೆ ಎತ್ತಬೇಕಲ್ಲ. ಭಾನುವಾರ ಸಿಗಂದೂರಿಗೆ ಹೋಗೋಣ. ತಾಯಿ ಮುಂದೆ ನಿಂತು, 'ನಾನು ತೆಗೆದಿಲ್ಲ' ಅಂತ ಒಂದು ಮಾತು ಹೇಳ್ಬಿಡು. ಆಮೇಲೆ ಯಾವನಾದ್ರೂ ಬಾಯಿ ಬಿಟ್ರೆ ನಾನ್ ನೋಡ್ಕೋತೀನಿ. ಈಗ ಸೇತುವೆ ಆಗಿದೆ, ಲಾಂಚ್ ಕಾಯೋ ರಗಳೆನೂ ಇಲ್ಲ."

ಅಕ್ಷರ ಜೋಡಿಸುತ್ತಿದ್ದ ಸಿರಿಯ ಕೈ ನಿಂತಿತು. ಶಿವಕುಮಾರ್ ಎದ್ದು ಹೊರಗೆ ಹೋದರು.

ಅವಮಾನವಾಗಬೇಕಿತ್ತು. ಆಗಲಿಲ್ಲ. ಕಂಪನಿಗೆ ಬರೆದೆ, ಪೊಲೀಸರಿಗೆ ಹೇಳಿದೆ, ಪೆನ್ನು ಹಿಡಿದು ತೋರಿಸಿದೆ. ಇಷ್ಟು ದಿನದಲ್ಲಿ ನನ್ನ ಕೈಲಿ ಆಗುವಂಥ ಕೆಲಸ ಇದೊಂದೇ ಸಿಕ್ಕಿದೆ. ಬರುತ್ತೇನೆ ಎಂದೆ. ಈಗಲೇ ಹೋಗೋಣ ಎಂದಿದ್ದರೂ ಹೊರಡುತ್ತಿದ್ದೆ.

ಡಿಸೆಂಬರ್ 7, ಭಾನುವಾರ

ಬೆಳಿಗ್ಗೆಯೇ ತಣ್ಣೀರು ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಕೂತಿದ್ದೆ. ಕೆಂಚಪ್ಪನವರ ಕಾರಿನ ಸದ್ದಾಯಿತೆಂದು ಬಾಗಿಲು ತೆರೆದರೆ ಅಕ್ಕ ನಿಂತಿದ್ದಳು. ಮೊದಲ ಬಸ್ಸಿಗೆ ಬಂದಿದ್ದಳು. ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡಳು.

"ಹೋಗ್ಬೇಡ."

"ಯಾಕಕ್ಕ? ಒಂದು ಮಾತು ಹೇಳಿ ಬಂದ್ಬಿಡ್ತೀನಿ. ಎಲ್ಲಾ ಮುಗಿಯುತ್ತೆ."

"ಬೇಡ ಕಣೋ. ಕಾರು ಬೇಡ ಅಂತ ಕೆಂಚಪ್ಪ ಭಾವನಿಗೂ ಫೋನ್ ಮಾಡಿ ಹೇಳ್ಬಿಟ್ಟಿದೀನಿ. ಅವಳ ಮುಂದೆ ನಿಂತು ಆಣೆ ಮಾಡೋದು ಆಟ ಅಲ್ಲ. ಸುಳ್ಳಾಣೆ ಮಾಡ್ದೋರ್ನ ಅವಳು ಬಿಡಲ್ಲ."

"ಸುಳ್ಳಾಣೆ ಯಾಕಾಗುತ್ತೆ? ನಾನು ತಗೊಂಡಿಲ್ಲ ಅಕ್ಕ."

ಅವಳು ನನ್ನ ಕೈ ಬಿಡಲಿಲ್ಲ. ಹಪ್ಪಳ ಒತ್ತಿ ಒತ್ತಿ ಅವಳ ಅಂಗೈ ಮರದ ಹಾಗಾಗಿದೆ.

"ಅವರೂ ಹೋದ್ರು. ಅಪ್ಪ ಅಮ್ಮ ಹೋದ್ರು. ಹುಡುಗಿ ಅಷ್ಟು ದೂರ ಹೋದ್ಲು. ನನಗೆ ಇರೋನು ನೀನೊಬ್ಬ. ಸರ ಹೋದ್ರೆ ಹೋಗ್ಲಿ, ನಿನಗೇನಾದ್ರೂ ಆದ್ರೆ ನಾನೇನು ಮಾಡ್ಲಿ?"

"ಅಕ್ಕ, ನಾನು ತಗೊಂಡಿಲ್ಲ."

"ಆಯ್ತಪ್ಪ. ತಗೊಂಡಿದ್ರೂ ನನ್ನ ತಮ್ಮನೇ ತಾನೆ. ಅದೇನು ಕಷ್ಟ ಇತ್ತೋ ನಿನಗೆ. ನಾನು ಯಾವತ್ತೂ ಕೇಳಲ್ಲ."

ನಾನು ಇನ್ನೊಮ್ಮೆ ಹೇಳಿದೆ. ಅವಳು ಚಿಕ್ಕ ಮಗುವಿಗೆ ಮಾಡುವಂತೆ ನನ್ನ ತಲೆ ಸವರಿ, ಆಯ್ತು ಆಯ್ತು ಎಂದಳು. ಕಾಫಿ ಕುಡಿದಳು. ಹಿಟ್ಟು ಕಲಸಿಟ್ಟು ಬಂದಿದ್ದೇನೆ ಎಂದು ಮುಂದಿನ ಬಸ್ಸಿಗೇ ಹೊರಟಳು. ಬಸ್ ನಿಲ್ದಾಣದವರೆಗೆ ಬಿಟ್ಟು ಬಂದೆ. ಕಿಟಕಿಯಿಂದ ಕೈ ಬೀಸಿದಳು. ಲಿಖಿತಾಳ ಮದುವೆಯಾದ ಮೇಲೆ ಮೊದಲ ಸಲ ಅವಳ ಮುಖ ಹಗುರಾಗಿತ್ತು.

ಮನೆಗೆ ಬಂದಾಗ ವೀಣಾ ಕಾಫಿ ಲೋಟಗಳನ್ನು ಎತ್ತಿಕೊಳ್ಳುತ್ತಿದ್ದಳು.

"ಅತ್ತಿಗೆ ಏನಂದ್ರು?"

"ಕ್ಷಮಿಸಿದ್ದಾಳೆ" ಎಂದೆ.

"ಸದ್ಯ, ಒಳ್ಳೇದಾಯ್ತು ಬಿಡಿ" ಎಂದು ವೀಣಾ ಲೋಟ ತೊಳೆಯಲು ಒಳಗೆ ಹೋದಳು.